ಒಂದು ಕಾಲ್ ರಿಪೋರ್ಟು

ವಿಜಯದಶಮಿಯ ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ಫೋನು ಬಂದರೆ, ಯಾರದೆಂದು ನೋಡುವ ಮೊದಲೇ ವಿಷಯ ಏನೆಂದು ಹೇಳಬಲ್ಲೆ. ನಮ್ಮ ಕಡೆ ಸರ್ವರ್‌ಗಳು ಸಾಯುವುದು ಆಯುಧಪೂಜೆಗೆ. ವರ್ಷವಿಡೀ ಗುಂಯ್ ಎಂದುಕೊಂಡು ಬಿದ್ದಿದ್ದ ಪೆಟ್ಟಿಗೆಯನ್ನು ಆ ಒಂದು ದಿನ ಆಫ್ ಮಾಡಿ, ಒರೆಸಿ, ಹೂವು ಮುಡಿಸಿ, ಎರಡು ದಿನ ರಜೆ ಕೊಡುತ್ತಾರೆ. ಮೂರನೆಯ ದಿನ ಬಟನ್ ಒತ್ತಿದರೆ ಅದು ಏಳುವುದಿಲ್ಲ.

ಈ ಸಲ ಫೋನು ಮಾಡಿದ್ದು ನಮ್ಮಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗ. ಒಂದು ಕಾಲೇಜಿನ ಕಚೇರಿಯಲ್ಲಿದ್ದ. "ಸರ್, ಪವರ್ರೇ ಬರ್ತಿಲ್ಲ. ಪೂಜೆಗೆ ಆಫ್ ಮಾಡಿದ್ರಂತೆ. ಮುಂದ್ಗಡೆ ಎಲ್ಲಾ ಕುಂಕುಮ ಬಳ್ದಿದಾರೆ. ಒಳಗೆ ಹೋಗಿರ್ಬೇಕು. ರಿಪೋರ್ಟಲ್ಲಿ ಹಂಗೇ ಬರೀಲಾ?"

ಕೈಯಲ್ಲಿ ಕಾಫಿ ಲೋಟವಿತ್ತು. ಕೆಳಗಿಟ್ಟೆ. "ಏನನ್ನೂ ಬರೀಬೇಡ. ಹತ್ತು ನಿಮಿಷ ಬಿಟ್ಟು ಮಾಡ್ತೀನಿ" ಅಂದೆ. ಹತ್ತು ನಿಮಿಷ ಬೇಕಾಗಿದ್ದು ಸರ್ವರ್‌ಗಲ್ಲ, ನನಗೆ.

2003ರಲ್ಲಿ ನಾನು ದಾವಣಗೆರೆಯಲ್ಲಿದ್ದೆ. ಬೆಂಗಳೂರಿನ ಒಂದು ಹಾರ್ಡ್‌ವೇರ್ ಕಂಪನಿಗೆ ಆ ಜಿಲ್ಲೆಯ 'ರೆಸಿಡೆಂಟ್ ಎಂಜಿನಿಯರ್'. ಹೆಸರು ದೊಡ್ಡದು. ಇದ್ದದ್ದು ಹಳೇ ಪಿ.ಬಿ. ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ, ಕಂತಿನ ಮೇಲೆ ಕೊಂಡ ಬೈಕು, ಒಂದು ಚೀಲ. ಚೀಲದಲ್ಲಿ ಮಲ್ಟಿಮೀಟರು, ಸ್ಟಾರ್ ಸ್ಕ್ರೂಡ್ರೈವರುಗಳು, ಪೇಂಟ್ ಬ್ರಶ್ಶು, ಬೂಟ್ ಫ್ಲಾಪಿ, ಮತ್ತೆ ಶಾಲೆ ಮಕ್ಕಳ ರಬ್ಬರು. ಆ ರಬ್ಬರಿನಿಂದ ರ್‍ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಉಜ್ಜಿ ಮತ್ತೆ ಸಿಕ್ಕಿಸಿದರೆ ಅರ್ಧಕ್ಕರ್ಧ ಕಂಪ್ಯೂಟರುಗಳು ಎದ್ದು ಕೂರುತ್ತಿದ್ದವು. ಗಿರಾಕಿಗಳ ಎದುರು ಮಾತ್ರ ರಬ್ಬರನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಉಜ್ಜುತ್ತಿದ್ದೆ. 2 ರೂಪಾಯಿಯ ರಬ್ಬರಿನಿಂದ ಆಯಿತೆಂದು ಗೊತ್ತಾದರೆ ನನ್ನ ಬೆಲೆ ಎಲ್ಲಿ ಉಳಿಯಿತು?

ನನ್ನ ಪಾಲಿಗಿದ್ದ ದೊಡ್ಡ ಗಿರಾಕಿ ಒಂದು ಸಹಕಾರಿ ಬ್ಯಾಂಕು. ಊರಿನ ಅಡಿಕೆ, ಬಟ್ಟೆ, ಮಂಡಕ್ಕಿ ವ್ಯಾಪಾರಿಗಳೆಲ್ಲ ಅಲ್ಲೇ. 2001ರಲ್ಲಿ ಲೆಡ್ಜರುಗಳನ್ನು ಬಿಟ್ಟು ಕಂಪ್ಯೂಟರಿಗೆ ಬಂದಿದ್ದರು. ಈಗಿನವರಿಗೆ ವಿವರಿಸಬೇಕು: ಆಗ ಬ್ಯಾಂಕಿನ ಲೆಕ್ಕವೆಲ್ಲ ಆಯಾ ಶಾಖೆಯಲ್ಲೇ, ಒಂದೇ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಪೆಂಟಿಯಂ ತ್ರೀ, 256 ಎಂಬಿ ರ್‍ಯಾಮ್, ಒಂದರ ನಕಲು ಇನ್ನೊಂದರಲ್ಲಿ ಇರುವಂತೆ ಎರಡು ಸ್ಕಸಿ ಡಿಸ್ಕು, ಮೇಲೆ ನಾವೆಲ್ ನೆಟ್‌ವೇರ್. ರಾತ್ರಿ 'ಡೇ ಎಂಡ್' ಆದ ಮೇಲೆ ಕ್ಯಾಸೆಟ್ಟಿನಂಥ ಒಂದು ಟೇಪಿಗೆ ಬ್ಯಾಕಪ್ಪು. ಆ ಪೆಟ್ಟಿಗೆ ಏಳದಿದ್ದರೆ ಯಾರ ಖಾತೆಯಲ್ಲಿ ಎಷ್ಟಿದೆ ಎಂದು ಮ್ಯಾನೇಜರಿಗೂ ಗೊತ್ತಿರುತ್ತಿರಲಿಲ್ಲ.

ಅದಕ್ಕೊಂದು ಕೋಣೆ ಕಟ್ಟಿದ್ದರು. ಗಾಜಿನ ಬಾಗಿಲು, ಎ.ಸಿ., ಬಾಗಿಲ ಹೊರಗೆ 'ಪಾದರಕ್ಷೆ ಬಿಟ್ಟು ಬನ್ನಿ' ಎಂಬ ಫಲಕ. ಚಪ್ಪಲಿ ಬಿಡಬೇಕೆಂದು ಹೇಳಿದ್ದು ನಮ್ಮ ಕಂಪನಿಯವರೇ. ಧೂಳಿನ ಕಾರಣ ಕೊಟ್ಟಿದ್ದೆವು, ಅದು ಸುಳ್ಳೂ ಅಲ್ಲ. ಆದರೆ ಚೇರ್ಮನ್ನರು ಬರಿಗಾಲಲ್ಲಿ ಬಂದು ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತಾಗ ನನಗೆ ಆಗುತ್ತಿದ್ದ ಖುಷಿ ಧೂಳಿಗೆ ಸಂಬಂಧಿಸಿದ್ದಾಗಿರಲಿಲ್ಲ. ಇಪ್ಪತ್ನಾಲ್ಕು ವರ್ಷದ ನಾನು ಗರ್ಭಗುಡಿಯ ಅರ್ಚಕನಂತೆ ಓಡಾಡುತ್ತಿದ್ದೆ.

ಆ ಕೋಣೆಯ ಬೀಗದ ಕೈ ಇರುತ್ತಿದ್ದದ್ದು ಬ್ಯಾಂಕಿನ ಅಟೆಂಡರ್ ಹತ್ತಿರ. ಐವತ್ತೈದರ ಆಸುಪಾಸು, ಖಾಕಿ ಅಂಗಿ, ಕಿವಿಯ ಮೇಲೆ ಒಂದು ಪೆನ್ನು. ಪೆನ್ನಿನಲ್ಲಿ ಬರೆದದ್ದನ್ನು ನಾನು ನೋಡಿಲ್ಲ. ಬೆಳಿಗ್ಗೆ ಎಂಟೂವರೆಗೆ ಬಂದು ಎ.ಸಿ. ಹಾಕಿ, ನೆಲ ಒರೆಸಿ, ಯುಪಿಎಸ್‌ನ ದೀಪ ನೋಡಿ, ನನ್ನ ಕೆಲಸದಲ್ಲಿ ಮುಕ್ಕಾಲು ಪಾಲನ್ನು ನನಗೆ ಗೊತ್ತಿಲ್ಲದೆಯೇ ಮಾಡುತ್ತಿದ್ದವರು ಅವರು. ನಾನು ಅವರನ್ನು 'ಯಜಮಾನ್ರೆ' ಅನ್ನುತ್ತಿದ್ದೆ, ಅವರು ನನ್ನನ್ನು 'ಸಾಹೇಬ್ರ' ಅನ್ನುತ್ತಿದ್ದರು. ವಯಸ್ಸಿನ ಲೆಕ್ಕದಲ್ಲಿ ತಿರುಗುಮುರುಗಾಗಿತ್ತು.

ಅರ್ತಿಂಗಿನ ಗುಂಡಿಗೆ ನೀರು ಹಾಕುವ ಕೆಲಸವನ್ನೂ ನಾನೇ ಅವರಿಗೆ ಹಚ್ಚಿದ್ದೆ. ಕಟ್ಟಡದ ಹಿಂದೆ ಇದ್ದಿಲು, ಉಪ್ಪು ತುಂಬಿ, ನಡುವೆ ಪೈಪು ನಿಲ್ಲಿಸಿದ ಗುಂಡಿ. ಮಣ್ಣು ಒಣಗಿದರೆ ಅರ್ತಿಂಗು ಕೈಕೊಡುತ್ತದೆ. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ 2-3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನಾವು ಸರ್ವರನ್ನು ಹಚ್ಚಲು ಒಪ್ಪುತ್ತಿರಲಿಲ್ಲ. ಆಗ ಮೇಲಿಂದ ಮೇಲೆ ಬರ. ಊರಿಗೇ ನೀರಿಲ್ಲ, ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೊಸ ವಿದ್ಯುತ್ ಕಂಪನಿಗಳಾಗಿದ್ದರೂ ಜನ ಬೈಯುತ್ತಿದ್ದದ್ದು ಹಳೆಯ 'ಕೆಇಬಿ'ಯನ್ನೇ. ಅಂಥದ್ದರಲ್ಲೂ ಸೋಮವಾರಕ್ಕೆ ಎರಡು ಬಕೆಟ್ ನೀರು ಆ ಗುಂಡಿಗೆ ತಪ್ಪುತ್ತಿರಲಿಲ್ಲ. "ಮನ್ಯಾಗ ಕುಡ್ಯಾಕ ಇಲ್ದಿದ್ರೂ ಇದಕ್ಕ ಹಾಕ್ತೀನ್ರೀ" ಎಂದು ನಗುತ್ತಿದ್ದರು.

ದಸರೆಗೆ ಹದಿನೈದು ದಿನ ಮುಂಚೆ, ಪ್ರಿಂಟರಿನ ರಿಬ್ಬನ್ ಬದಲಿಸಲು ಹೋಗಿದ್ದಾಗ, ಅವರು ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡರು.

"ಸಾಹೇಬ್ರ, ನಮ್ಮ ದೊಡ್ಡ ಮಿಷಿನ್ನು ಒಂಥರಾ ಸಣ್ಣಗ ಅಳ್ತೈತ್ರಿ."

"ಫ್ಯಾನ್ ಸದ್ದು, ಯಜಮಾನ್ರೆ."

"ಫ್ಯಾನ್ ಸದ್ದು ನನಗ ಗೊತ್ತೈತ್ರಿ. ಇದು ಬ್ಯಾರೆ. ಬೆಳಿಗ್ಗೆ ಯಾರೂ ಇಲ್ದಾಗ ಕೇಳ್ತೈತಿ. ಹಸುಗೂಸು ಅತ್ತು ಅತ್ತು ಸಾಕಾಗಿ ಕೊನೀಗ ಕುಂಯ್ ಅಂತದಲ್ರೀ, ಹಂಗ."

ನಾನು ಬ್ಯಾಂಕಿನ ಗದ್ದಲದಲ್ಲಿ ಎರಡು ಕ್ಷಣ ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಬೆನ್ನು ತಟ್ಟಿ ಹೊರಟುಬಿಟ್ಟೆ.

ಆ ವರ್ಷ ಆಯುಧಪೂಜೆ ಶನಿವಾರ ಬಂದಿತ್ತು. ಶುಕ್ರವಾರ ಸಂಜೆ ಗುಮಾಸ್ತರು ಕನ್ಸೋಲಿನಲ್ಲಿ 'ಡೌನ್' ಎಂದು ಹೊಡೆದು, ನೆಟ್‌ವೇರನ್ನು ನಿಯಮದ ಪ್ರಕಾರವೇ ಇಳಿಸಿ, ಸ್ವಿಚ್ ಆರಿಸಿದ್ದರು. ಶನಿವಾರ ಪೂಜೆ. ಸೋಮವಾರ ಒಂಬತ್ತಕ್ಕೆ ನನಗೆ ಬುಲಾವು.

ಹೋದಾಗ ಬ್ಯಾಂಕಿನ ಬಾಗಿಲಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಇನ್ನೂ ಬಿದ್ದಿದ್ದವು. ಒಳಗೆ ಸರ್ವರಿನ ಮುಖಕ್ಕೆ ವಿಭೂತಿಯ ಮೂರು ಗೀಟು, ನಡುವೆ ಕುಂಕುಮ, ಮೇಲೊಂದು ಚೆಂಡುಹೂವು. ಬಟನ್ ಒತ್ತಿದೆ. ಹಿಂದಿನ ಫ್ಯಾನು ಕಾಲು ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದೆ. ಈ ಸಲ ಅದೂ ಇಲ್ಲ.

ಸತ್ತ ಯಂತ್ರದ ಮುಂದೆ ಮಾಡುವ ವಿಧಿಗಳೆಲ್ಲ ಆದವು. ಬೇರೆ ಸಾಕೆಟ್, ಬೇರೆ ಪವರ್ ಕಾರ್ಡು. ವೈರು ಕಿತ್ತು, ಬಟನ್ನನ್ನು ಅರ್ಧ ನಿಮಿಷ ಅದುಮಿ ಹಿಡಿದು, ಒಳಗೆ ಉಳಿದ ಚೂರುಪಾರು ಕರೆಂಟು ಇಳಿಸಿ, ಮತ್ತೆ ಹಚ್ಚಿದ್ದು. ರ್‍ಯಾಮ್ ತೆಗೆದು ರಬ್ಬರು. ಡಿಸ್ಕು, ಟೇಪು, ಕಾರ್ಡುಗಳನ್ನೆಲ್ಲ ಬಿಡಿಸಿ ಬರೀ ಬೋರ್ಡಷ್ಟನ್ನೇ ಉಳಿಸಿ ನೋಡಿದ್ದು. ಗಾಜಿನಾಚೆ ಕೌಂಟರಿನ ಮುಂದೆ ಸಾಲು ಬೆಳೆಯುತ್ತಿತ್ತು. ಹಿತ್ತಾಳೆಯ ಟೋಕನ್ನುಗಳನ್ನು ಬೆರಳಲ್ಲಿ ತಿರುಗಿಸುತ್ತ ಜನ ನನ್ನ ಬೆನ್ನನ್ನೇ ನೋಡುತ್ತಿದ್ದರು.

ಕೊನೆಗೆ ಎಸ್‌ಎಂಪಿಎಸ್ಸಿನ, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಡಬ್ಬಿಯ, ದೊಡ್ಡ ಕನೆಕ್ಟರನ್ನು ಬೋರ್ಡಿನಿಂದ ಕಿತ್ತೆ. 20 ಪಿನ್ನಿನದು. ಅದರಲ್ಲಿ ಹದಿನಾಲ್ಕನೆಯದು ಹಸಿರು ತಂತಿ. ನಾವು ಪೆಟ್ಟಿಗೆಯ ಮುಂದಿನ ಬಟನ್ ಒತ್ತಿದಾಗ ನಿಜವಾಗಿ ಆಗುವುದಿಷ್ಟೇ: ಬೋರ್ಡು ಈ ಹಸಿರನ್ನು ಕರಿ ತಂತಿಗೆ ಮುಟ್ಟಿಸುತ್ತದೆ, ಅಷ್ಟಕ್ಕೇ ಎಸ್‌ಎಂಪಿಎಸ್ ಎಚ್ಚರವಾಗುತ್ತದೆ. ಮ್ಯಾನೇಜರ ಮೇಜಿನಿಂದ ಒಂದು ಯು-ಪಿನ್ ತರಿಸಿ, ಬಗ್ಗಿಸಿ, ಹಸಿರಿಗೂ ಕರಿಗೂ ಸೇತುವೆ ಹಾಕಿದೆ. ಫ್ಯಾನು ಒಮ್ಮೆ ಬೆಚ್ಚಿ ಸುಮ್ಮನಾಯಿತು. ಅಂದರೆ ಬೋರ್ಡಿನ ತಪ್ಪಲ್ಲ. ಮೀಟರಿನ ಕಡ್ಡಿಯನ್ನು ಒಂಬತ್ತನೆಯ ನೇರಳೆ ತಂತಿಗೆ ಇಟ್ಟೆ. ಪ್ಲಗ್ಗು ಚುಚ್ಚಿದ್ದರೆ ಸಾಕು, ಸರ್ವರ್ ಆಫ್ ಇದ್ದಾಗಲೂ ಅಲ್ಲಿ 5 ವೋಲ್ಟು ಇರಲೇಬೇಕು. ಆ ಚೂರು ಕರೆಂಟಿನ ಮೇಲೆಯೇ ಬಟನ್ನಿನ ಜೀವ. ಮೀಟರು 3.2 ಎಂದಿತು, 2.9 ಎಂದಿತು, ಮತ್ತೆ 3.3.

ಬದಲಿ ಎಸ್‌ಎಂಪಿಎಸ್ ಬೆಂಗಳೂರಿನಿಂದ ಬರಬೇಕು. ಅಂದರೆ ಎಸ್.ಪಿ. ರಸ್ತೆಯಲ್ಲಿ ಕೊಂಡು, ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು, ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಾನು ಇಸಿದುಕೊಳ್ಳಬೇಕು. ಅಲ್ಲಿಯವರೆಗೆ ಬ್ಯಾಂಕು?

ಆಗ ನೆನಪಾದದ್ದು ಹರಿಹರದ ಒಂದು ಟಿವಿ ರಿಪೇರಿ ಅಂಗಡಿ. ಐಟಿಐ ಓದುವಾಗ ಸಂಜೆ ಹೊತ್ತು ಅಲ್ಲಿ ಕೂರುತ್ತಿದ್ದೆ. ಚಳಿಗಾಲದಲ್ಲಿ ಬೆಳಿಗ್ಗೆ ಹೊತ್ತು ಚಿತ್ರ ಬಾರದ, ಮಧ್ಯಾಹ್ನ ತಾನೇ ಸರಿಹೋಗುವ ಟಿವಿಗಳು ಬರುತ್ತಿದ್ದವು. ಅಂಗಡಿಯವರು ಸೋಲ್ಡರಿಂಗ್ ಐರನ್ನನ್ನು ಒಂದೊಂದೇ ಕೆಪಾಸಿಟರಿನ ಹತ್ತಿರ, ಮುಟ್ಟಿಸದೆ, ಬೀಡಿಗೆ ಬೆಂಕಿ ತೋರಿಸುವ ಹಾಗೆ ಹಿಡಿಯುತ್ತಿದ್ದರು. ಯಾವುದು ಬೆಚ್ಚಗಾದಾಗ ಚಿತ್ರ ಬರುತ್ತದೋ ಅದೇ ಕಳ್ಳ. ಕೆಪಾಸಿಟರಿನೊಳಗಿನ ದ್ರವ ಒಣಗುತ್ತ ಬಂದಿರುತ್ತದೆ. ಬಿಸಿಯಿದ್ದಾಗ ಹೇಗೋ ಕೆಲಸ ಮಾಡುತ್ತದೆ, ತಣ್ಣಗಾದರೆ ಇಲ್ಲ. ಸರ್ವರು ಹಗಲೂ ರಾತ್ರಿ ಓಡುತ್ತ ತನ್ನ ಕಾವಿನಲ್ಲೇ ದಿನ ನೂಕಿರಬೇಕು. ಎರಡು ದಿನ ತಣ್ಣಗೆ ಮಲಗಿದ್ದೇ ತಡ, ಏಳಲು ತ್ರಾಣವಿಲ್ಲ.

ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚುವ ಧೈರ್ಯ ಇರಲಿಲ್ಲ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲಿರುತ್ತದೆ, ಪ್ಲಗ್ಗು ಕಿತ್ತ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತದೆ. ಹೊರಗಿನಿಂದಲೇ ಬಿಸಿಗಾಳಿ ಊದಬೇಕು. "ಯಜಮಾನ್ರೆ, ಇಲ್ಲೆಲ್ಲಾದರೂ ಕೂದಲು ಒಣಗಿಸೋ ಮಿಷಿನ್ ಸಿಗುತ್ತಾ?"

ಅವರು ಒಂದು ಕ್ಷಣ ನನ್ನ ತಲೆ ನೋಡಿದರು. ಆಮೇಲೆ ಏನೂ ಕೇಳದೆ ಮೆಟ್ಟಿಲು ಹತ್ತಿದರು. ಮೇಲಿನ ಮಹಡಿಯಲ್ಲಿ ಲೇಡೀಸ್ ಬ್ಯೂಟಿ ಪಾರ್ಲರ್. ಐವತ್ತೈದು ವರ್ಷದ ಗಂಡಸು ಖಾಕಿ ಅಂಗಿಯಲ್ಲಿ ಆ ಪರದೆ ಸರಿಸಿ ಏನೆಂದು ಕೇಳಿದರೋ ನನಗೆ ಗೊತ್ತಿಲ್ಲ. ಐದು ನಿಮಿಷಕ್ಕೆ ಗುಲಾಬಿ ಬಣ್ಣದ ಹೇರ್ ಡ್ರೈಯರನ್ನು ಎರಡೂ ಕೈಯಲ್ಲಿ ಮಂಗಳಾರತಿ ತಟ್ಟೆಯಂತೆ ಹಿಡಿದು ಬಂದರು.

ಅವರು ಡ್ರೈಯರ್ ಹಿಡಿದರು, ನಾನು ಮೀಟರ್ ಹಿಡಿದೆ. ಶಾಂಪೂ ಘಮಲಿನ ಬಿಸಿಗಾಳಿ ಜಾಲರಿಯೊಳಗೆ ನುಗ್ಗಿತು. 3.3. 3.6. ಅವರು ಕೈ ಬದಲಿಸಿದರು. 4.1. ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು. 4.7. ಆರೇಳು ನಿಮಿಷಕ್ಕೆ 4.9ಕ್ಕೆ ಬಂದು ನಿಂತಿತು. ಕನೆಕ್ಟರ್ ಸಿಕ್ಕಿಸಿ, "ಒತ್ತಿ ಯಜಮಾನ್ರೆ" ಅಂದೆ. ಅವರು ಬೆರಳನ್ನು ಅಂಗಿಗೆ ಒರೆಸಿಕೊಂಡು ಬಟನ್ ಒತ್ತಿದರು. ಫ್ಯಾನು ತಿರುಗಿತು, ಒಂದು ಬೀಪು, ಡಿಸ್ಕುಗಳು ಒಂದಾದ ಮೇಲೊಂದು ಏರುದನಿ ತೆಗೆದವು. ಪರದೆಯ ಮೇಲೆ ವಾಲ್ಯೂಮುಗಳು ಮೌಂಟ್ ಆಗುವುದನ್ನು ಗಾಜಿನಾಚೆಯವರೂ ಉಸಿರು ಹಿಡಿದು ನೋಡಿದರು. ಮ್ಯಾನೇಜರು ನನ್ನ ಕೈ ಕುಲುಕಿದರು. ನನ್ನದೊಂದೇ.

ಹೊಸ ಎಸ್‌ಎಂಪಿಎಸ್ ಮರುದಿನ ಬಸ್ಸಿನಲ್ಲಿ ಬಂತು, ರಾತ್ರಿ ಹಾಕಿದೆ. ಇಲ್ಲಿಗೆ ನಿಲ್ಲಿಸಿದರೆ ಇದು ನಾನು ಇಪ್ಪತ್ತು ವರ್ಷ ಹುಡುಗರಿಗೆ ಹೇಳಿಕೊಂಡು ಬಂದ ಕಥೆ. ಹೇರ್ ಡ್ರೈಯರಿನ ಕಥೆ. ಹೇಳಿದಾಗಲೆಲ್ಲ ನಗುತ್ತಾರೆ. ಮುಂದಿನದನ್ನು ಹೇಳಿಲ್ಲ.

ಸರ್ವರಿಗೆ ಮೂರು ವರ್ಷದ ವಾರಂಟಿ, ಎರಡಷ್ಟೇ ಕಳೆದಿತ್ತು. ನಿಯಮದಂತೆ ಬಿಡಿಭಾಗ ಬಿಟ್ಟಿ ಕೊಡಬೇಕು. ಬೆಂಗಳೂರಿನ ಸರ್ವಿಸ್ ಮ್ಯಾನೇಜರ್ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಪೂಜೆ ಆದ್ಮೇಲೆ ತಾನೇ ಹೋಗಿದ್ದು? ಕುಂಕುಮ ಇದ್ಯಾ?" ಎಂದು ಕೇಳಿದರು. ಇದೆ ಅಂದೆ. "ಮತ್ತೇನು, ಬರಿ. ಗಿರಾಕಿ ಕಡೆಯಿಂದ ಆಗಿದ್ದಕ್ಕೆ ವಾರಂಟಿ ಇಲ್ಲ."

ಕಾಲ್ ರಿಪೋರ್ಟಿನ ಪುಸ್ತಕದಲ್ಲಿ ಒಂದರ ಕೆಳಗೊಂದು ಮೂರು ಹಾಳೆ, ನಡುವೆ ಕಾರ್ಬನ್ನು. ಬಿಳಿಯದು ಗಿರಾಕಿಗೆ, ಗುಲಾಬಿ ಕಂಪನಿಗೆ, ಹಳದಿ ನನಗೆ. ಒತ್ತಿ ಬರೆಯಬೇಕು, ಇಲ್ಲದಿದ್ದರೆ ಮೂರನೆಯದಕ್ಕೆ ಮೂಡುವುದಿಲ್ಲ. ನಾನು ಒತ್ತಿಯೇ ಬರೆದೆ: ಪೂಜಾ ಸಾಮಗ್ರಿಯ ಪುಡಿ ಒಳಸೇರಿ ಎಸ್‌ಎಂಪಿಎಸ್ ಕೆಟ್ಟಿದೆ.

ನನಗೆ ಗೊತ್ತಿರಲಿಲ್ಲವೇ? ಕುಂಕುಮ ಅಂದರೆ ಅರಿಶಿನಕ್ಕೆ ಸುಣ್ಣ ಬೆರೆತದ್ದು. ಒಣಗಿದ್ದಾಗ ಅದರಲ್ಲಿ ಕರೆಂಟು ಹರಿಯುವುದಿಲ್ಲ. ಫ್ಯಾನಿನ ಹತ್ತಿರ ಇದ್ದದ್ದು ಉಗುರಿನಷ್ಟು ಪುಡಿ. ಹಿಂದಿನ ವರ್ಷ ಇದೇ ಪೂಜೆ, ಇದೇ ಕುಂಕುಮ, ಸರ್ವರು ತಕರಾರಿಲ್ಲದೆ ಎದ್ದಿತ್ತು. ಕುಂಕುಮದಿಂದ ಕೆಟ್ಟದ್ದು ಬಿಸಿಗಾಳಿಗೆ ಏಕೆ ಸರಿಹೋಗುತ್ತದೆ? ಇಷ್ಟೂ ಗೊತ್ತಿತ್ತು. ಆದರೂ 'ಬಾಸ್ ಹೇಳಿದ್ದಾರೆ' ಎನ್ನುವುದು ಆಗ ನನ್ನಂಥವರಿಗೆ ಸಾಕಾಗುವ ಕಾರಣ. ಅದನ್ನು ಬಾಸ್ ತಲೆಗೆ ಕಟ್ಟುವುದೂ ಅನ್ಯಾಯವೇ. ಕಂಪನಿಯ ಮಾಲಿಗಿಂತ ಪೂಜೆಯ ಪುಡಿಯದೇ ತಪ್ಪು ಎನ್ನುವುದು ನನಗೂ ಒಳಗೊಳಗೆ ಹಿತವಾಗಿತ್ತು. ಗರ್ಭಗುಡಿಯ ಒಳಗೆ ಹೊರಗಿನವರು ಬಂದಿದ್ದರಲ್ಲ.

ನಾಲ್ಕನೆಯ ದಿನ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಸತ್ತ ಎಸ್‌ಎಂಪಿಎಸ್ ಬಿಚ್ಚಿದೆ. ಮೂಲೆಯಲ್ಲಿ ಕಿರುಬೆರಳಿನ ತುದಿಯಷ್ಟು ಒಂದು ಕೆಪಾಸಿಟರ್, ನೆತ್ತಿ ಪೂರಿಯಂತೆ ಉಬ್ಬಿ, ಬುಡದಲ್ಲಿ ಕಂದು ಕಲೆ. ಆ ವರ್ಷಗಳಲ್ಲಿ ಹೀಗೆ ಉಬ್ಬಿದ ಕೆಪಾಸಿಟರುಗಳು ಪ್ರಪಂಚದ ತುಂಬ ಇದ್ದವು. ಒಳಗೆ ತುಂಬಿದ ದ್ರವವೇ ಸರಿಯಿಲ್ಲದ ಮಾಲು ಕಂಪ್ಯೂಟರುಗಳಿಗೆಲ್ಲ ಸೇರಿಕೊಂಡಿತ್ತು. ಸಾಯುವ ಮುಂಚೆ ಇಂಥ ಎಸ್‌ಎಂಪಿಎಸ್‌ಗಳು ಸಣ್ಣಗೆ, ಕಿವಿ ಚುರುಕಾಗಿದ್ದರೆ ಕೇಳುವಷ್ಟು, ಕೀರಲು ಸದ್ದು ಮಾಡುತ್ತವೆ. ಡಬ್ಬಿಯ ಒಳಗೆ ಕುಂಕುಮದ ಒಂದು ಕಣವೂ ಇರಲಿಲ್ಲ. ಆ ಕೆಪಾಸಿಟರನ್ನು ಎತ್ತಿಟ್ಟುಕೊಂಡಿದ್ದರೆ ಈ ಬರಹಕ್ಕೆ ಚೆನ್ನಾಗಿರುತ್ತಿತ್ತು. ಇಟ್ಟುಕೊಂಡಿಲ್ಲ. ಗುಜರಿಗೆ ಹಾಕಿದೆ. ಹೊಸ ರಿಪೋರ್ಟು ಬರೆಯಲಿಲ್ಲ.

ಬ್ಯಾಂಕಿನವರು 4,000 ಚಿಲ್ಲರೆ ಬಿಲ್ಲು ಕಟ್ಟಿ, ಅದನ್ನು ಅಟೆಂಡರ್ ಸಂಬಳದಲ್ಲಿ ತಿಂಗಳಿಗೆ 500ರಂತೆ ಹಿಡಿದುಕೊಂಡರೆಂದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಗುಮಾಸ್ತರ ಬಾಯಿಂದ. ಕೋಣೆಯ ಬೀಗದ ಕೈಯನ್ನೂ ಕಿತ್ತುಕೊಂಡಿದ್ದರು. "ನಿಮ್ಮ ರಿಪೋರ್ಟೇ ಇತ್ತಲ್ಲ ಸರ್, ಫೈಲಿಗೆ ಹಾಕಿದೀವಿ" ಎಂದರು ಗುಮಾಸ್ತರು, ನನಗೆ ಉಪಕಾರ ಮಾಡಿದವರಂತೆ.

ಈಗ ಆ ಬ್ಯಾಂಕಿನಲ್ಲಿ ಸರ್ವರೇ ಇಲ್ಲ. ಗಾಜಿನ ಕೋಣೆಯಲ್ಲಿ ಹಳೆ ವೋಚರುಗಳ ಗಂಟು ಪೇರಿಸಿದ್ದಾರೆ, ಚಪ್ಪಲಿ ಹಾಕಿಕೊಂಡೇ ಹೋಗಬಹುದು. ಲೆಕ್ಕವೆಲ್ಲ ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿ. ಈಗಿನ ಸರ್ವರ್‌ಗಳಿಗೆ ಎರಡೆರಡು ಪವರ್ ಸಪ್ಲೈ, ಒಂದು ಹೋದರೆ ಇನ್ನೊಂದು ಹೊರುತ್ತದೆ, ಓಡುತ್ತಿರುವಾಗಲೇ ಎಳೆದು ಬದಲಿಸಬಹುದು. ಒಳಗೆ ಒಂದು ಮರಿ ಕಂಪ್ಯೂಟರು ಬೇರೆ. ಸರ್ವರ್ ಆಫ್ ಇದ್ದರೂ ಅದು ಎಚ್ಚರವಿದ್ದು, ಯಾವ ಭಾಗ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಕೆಟ್ಟಿತೆಂದು ಬರೆದಿಡುತ್ತದೆ. ರಿಪೋರ್ಟನ್ನು ಯಂತ್ರವೇ ಬರೆಯುವ ಕಾಲ.

ಹತ್ತು ನಿಮಿಷವಾದ ಮೇಲೆ ಹುಡುಗನಿಗೆ ಫೋನು ಮಾಡಿ, ಹಿಂದಿನಿಂದ ನೋಡು ಅಂದೆ. ಬಾಳೆಕಂಬ ಕಟ್ಟಲು ರ್‍ಯಾಕನ್ನು ಗೋಡೆಯಿಂದ ಈಚೆಗೆ ಎಳೆದಿದ್ದರು. ಪವರ್ ಕಾರ್ಡು ಸಿಕ್ಕಿಸಿದಂತೆಯೇ ಕಾಣುತ್ತಿತ್ತಂತೆ, ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಒಳಗೆ ಹೋಯಿತಂತೆ. ಸರ್ವರ್ ಎದ್ದಿತು. "ಆದ್ರೆ ಸರ್, ಇನ್ನೊಂದು ಸಪ್ಲೈ ಇತ್ತಲ್ಲ, ಅದು ಹೊರಬೇಕಿತ್ತಲ್ವಾ?" ಒಳ್ಳೆಯ ಪ್ರಶ್ನೆ. ಪೂಜೆ ಮಾಡಿದವರು ಯಾರು ಎಂದು ಕೇಳಿದೆ. ಕಸ ಗುಡಿಸುವ ಅಮ್ಮ. ಹೆದರಿಕೊಂಡು ಬಾಗಿಲಲ್ಲೇ ನಿಂತಿದ್ದಾರೆ ಅಂದ. ಫೋನು ಅವರಿಗೆ ಕೊಡು ಅಂದೆ.

"ಅಮ್ಮಾ, ಅದರ ಹಿಂದ್ಗಡೆ ದೀಪ ಇರ್ತಾವಲ್ಲ, ಯಾವಾಗಾದ್ರೂ ನೋಡಿದ್ರಾ?"

"ಒಂದು ಹಸ್ರು ಸಾರ್. ಇನ್ನೊಂದು ಹಳ್ದಿ ಥರ ಮಿಣುಕ್ತಿತ್ತು. ಗಣೇಶನ ಹಬ್ಬದಿಂದ ಹಂಗೇ ಐತೆ. ಹೇಳಿದ್ನಲ್ಲ ಸಾರ್ ಅವ್ರಿಗೆ. ನಿಂಗ್ಯಾಕೆ ಅಂದ್ರು."

ಒಂದು ಸಪ್ಲೈ ಗಣೇಶನ ಹಬ್ಬಕ್ಕೇ ಸತ್ತಿತ್ತು. ಮರಿ ಕಂಪ್ಯೂಟರಿನ ದಾಖಲೆಯಲ್ಲಿ ತಾರೀಕೂ ಸಿಕ್ಕಿತು. ಅದು ಇಮೇಲನ್ನೂ ಕಳಿಸಿತ್ತು, ಕೆಲಸ ಬಿಟ್ಟುಹೋದ ಒಬ್ಬರ ವಿಳಾಸಕ್ಕೆ. ಹುಡುಗನಿಗೆ ಇದೆಲ್ಲವನ್ನೂ ಹೀಗೆಯೇ, ಅಮ್ಮ ಮೊದಲೇ ಹೇಳಿದ್ದರು ಎನ್ನುವುದನ್ನೂ ಸೇರಿಸಿ, ಬರೆಯಲು ಹೇಳಿದೆ. ಅದಕ್ಕೊಂದು ಕಾಲಂ ಇಲ್ಲ ಸರ್ ಅಂದ. ಷರಾದಲ್ಲಿ ಬರಿ ಅಂದೆ.

ದಾವಣಗೆರೆಯ ಯಜಮಾನರನ್ನು ಆಮೇಲೆ ಒಂದೇ ಸಲ ನೋಡಿದೆ. ಮುಂದಿನ ಬೇಸಿಗೆ. ಮೂರು ತಿಂಗಳಿಗೊಮ್ಮೆಯ ತಪಾಸಣೆಗೆ ಹೋಗಿದ್ದೆ. ಬೈಕು ನಿಲ್ಲಿಸಲು ಕಟ್ಟಡದ ಹಿಂದೆ ಹೋದರೆ, ಅರ್ತಿಂಗಿನ ಗುಂಡಿಯ ಮುಚ್ಚಳ ಸರಿಸಿ ಬಕೆಟ್ಟಿನಿಂದ ನಿಧಾನ ನೀರು ಇಳಿಸುತ್ತಿದ್ದರು. ಕೋಣೆಗೆ ಅವರಿಗೆ ಪ್ರವೇಶವಿರಲಿಲ್ಲ, ಗುಂಡಿ ಹೊರಗಿತ್ತು. ಸಂಬಳದ ಕಂತು ಇನ್ನೊಂದೆರಡು ಬಾಕಿ ಇದ್ದಿರಬೇಕು. ಹೇಳಬೇಕೆಂದುಕೊಂಡ ಮಾತೆಲ್ಲ ನನ್ನ ಬಾಯಲ್ಲಿ ಒಣಗಿ ನಿಂತಿತು.

ಅವರು ಬಕೆಟ್ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿದರು. "ಬರ್ರಿ ಸಾಹೇಬ್ರ. ಈಗ ಅಳೂದು ನಿಂತೈತೇನ್ರೀ ಅದು?"

"ನಿಂತಿದೆ" ಅಂದೆ. ಚಪ್ಪಲಿ ಬಿಟ್ಟು ಒಳಗೆ ಹೋದೆ.